ಚಿಕ್ಕಪ್ಪನ ಆರ್‌ಡಿ 350 ಬಿಚ್ಚಿಕೊಟ್ಟ ಸ್ಕ್ರೂಡ್ರೈವರ್: ವೆಸ್ಸೆಲ್ ಇಂಪ್ಯಾಕ್ಟಾ ರಿವ್ಯೂ

ಹಳೇ ಜಪಾನ್ ಗಾಡಿನ ಮನೇಲೇ ಬಿಚ್ಚಿ ಜೋಡಿಸ್ತೀನಿ ಅಂತ ಹೊರಟಿರೋರು ಯಾರಾದ್ರೂ ಇದ್ರೆ, ಪಿಸ್ಟನ್ನು ಆಯಿಲ್ ಸೀಲು ಎಲ್ಲಾ ಆಮೇಲೆ ತಗೊಳ್ಳಿ, ಮೊದ್ಲು ಸರಿಯಾದ ಸ್ಕ್ರೂಡ್ರೈವರ್ ತಗೊಳ್ಳಿ. ನಾನು ಇದನ್ನ ಕಲಿಯೋ ಹೊತ್ತಿಗೆ ಎರಡು ಸ್ಕ್ರೂ ತಲೆ ಹಾಳಾಗಿತ್ತು, ಗಾಡಿ ಮುಟ್ಟದೆ ಎಂಟು ತಿಂಗಳು ಕಳೆದಿತ್ತು.

ಗಾಡಿ ಚಿಕ್ಕಪ್ಪಂದು. 1984ರಲ್ಲಿ ತಗೊಂಡಿದ್ದು, ರಾಜ್‌ದೂತ್ 350, ಅಂದ್ರೆ ಜಪಾನಿನ ಯಮಹಾ ಆರ್‌ಡಿ 350ನೇ ಎಸ್ಕಾರ್ಟ್ಸ್ ಕಂಪನಿಯವರು ಇಲ್ಲಿ ಮಾಡಿ ಮಾರಿದ್ದು. ಎಚ್‌ಟಿ, ಅಂದ್ರೆ ಹೈ ಟಾರ್ಕ್ ಮಾಡೆಲ್. ಆಗ ಕಾಫಿ ಎಲ್ಲಾ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ಬರ್ತಿತ್ತು, ಹಂಗೆ ಬಂದ ಒಂದು ಕಂತಿನ ಪೂರಾ ದುಡ್ಡು ಚಿಕ್ಕಪ್ಪ ಈ ಗಾಡಿಗೆ ಸುರಿದಿದ್ರಂತೆ, ಅಜ್ಜ ಒಂದು ತಿಂಗಳು ಮಾತಾಡಿರ್ಲಿಲ್ಲ ಅಂತ ಈಗ್ಲೂ ಹೇಳ್ತಾರೆ. 347 ಸಿಸಿ, ಎರಡು ಸಿಲಿಂಡರ್ ಟೂ ಸ್ಟ್ರೋಕು, ಆರು ಗೇರು, ಎಚ್‌ಟಿಗೆ 30.5 ಬಿಎಚ್‌ಪಿ. ಆ ಕಾಲದಲ್ಲಿ ನಮ್ಮ ರೋಡಲ್ಲಿ ಓಡಾಡ್ತಿದ್ದ ಯೆಜ್ಡಿ ಬುಲೆಟ್ ಯಾವ್ದೂ ಇದರ ಹತ್ರ ಬರ್ತಿರ್ಲಿಲ್ಲ. ಎಸ್ಕಾರ್ಟ್ಸ್‌ನವರು ಮುಂದಿನ ಡಿಸ್ಕ್ ಬ್ರೇಕ್ ತೆಗೆದು ಡ್ರಮ್ ಹಾಕಿ ಮಾರಿದ್ರು, ಆ ವೇಗಕ್ಕೆ ಆ ಬ್ರೇಕ್ ಸಾಲ್ತಿರ್ಲಿಲ್ಲ, ತಿತಿಮತಿ ಕಡೆ ಇಳಿಜಾರಲ್ಲಿ ಒಂದ್ಸಲ ಬೇಲಿ ಒಳಗೆ ಹೋಗಿದ್ದೆ ಅಂತ ಚಿಕ್ಕಪ್ಪಾನೇ ಹೇಳಿದ್ದು.

ಹದಿನೇಳು ವರ್ಷ ಕಾಫಿ ಗೋಡೌನಲ್ಲಿ ನಿಂತಿತ್ತು. ನಮ್ಮದು ಕೊಡಗಿನ ಸಿದ್ದಾಪುರ ಅಮ್ಮತ್ತಿ ಮಧ್ಯ. ಇಲ್ಲಿ ಜೂನಲ್ಲಿ ಮಳೆ ಹಿಡಿದ್ರೆ ಸೆಪ್ಟೆಂಬರ್ ತನಕ ಗೋಡೆನೂ ಒದ್ದೆ, ಬೀರು ಒಳಗಿನ ಬಟ್ಟೆಗೂ ಬೂಸ್ಟು, ಇನ್ನು ಇಂಜಿನ್ ಕಥೆ ಕೇಳ್ಬೇಡಿ. ಅಲ್ಯೂಮಿನಿಯಂ ಕೇಸಿಂಗ್ ಒಳಗೆ ಸ್ಟೀಲ್ ಸ್ಕ್ರೂ ಇರುತ್ತಲ್ಲ, ತೇವ ಸೇರ್ಕೊಂಡ್ರೆ ಅವೆರಡರ ಮಧ್ಯೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿಪುಡಿಯಾಗಿ ಉಬ್ಬಿ ಸ್ಕ್ರೂನ ಹಿಡ್ಕೊಂಡ್ಬಿಡುತ್ತೆ. ಅದು ತುಕ್ಕಿಗಿಂತ ಕೆಟ್ಟದ್ದು.

ಮೊದಲ್ನೇ ಸಲ ನಾನು ಕೂತಾಗ ಮನೇಲಿದ್ದ ಸ್ಟಾರ್ ಸ್ಕ್ರೂಡ್ರೈವರ್ ತಗೊಂಡೇ ಕೂತಿದ್ದೆ, ಗಿಡಕ್ಕೆ ಔಷಧಿ ಹೊಡೆಯೋ ಮಿಸ್ಟ್ ಬ್ಲೋವರ್ ರಿಪೇರಿಗೆ ಅಂತ ಇಟ್ಟಿದ್ದು. ಬಲಗಡೆ ಕ್ಲಚ್ ಕವರ್. ಒತ್ತಿ ತಿರುಗಿಸಿದ್ರೆ ಡ್ರೈವರ್ ಮೇಲಕ್ಕೆ ಹತ್ತಿ ಜಾರುತ್ತೆ, ಇನ್ನೂ ಜೋರಾಗಿ ಒತ್ತಿದ್ರೆ ಸ್ಕ್ರೂ ತಲೆಯ ಪ್ಲಸ್ ಗುರುತು ಸವೆದು ಗುಂಡಿ ಆಗ್ಬಿಡುತ್ತೆ. ಎರಡು ಹಂಗೇ ಹೋಯ್ತು. ಪೇಟೆಯ ಒಂದು ಗ್ಯಾರೇಜಿಂದ ಒಬ್ರನ್ನ ಕರ್ಕೊಂಡು ಬಂದೆ, ಅವ್ರು ಉಳಿ ಇಟ್ಟು ಸುತ್ತಿಗೇಲಿ ಹೊಡೆದು ಮೂರನೇದನ್ನ ಓರೆ ಮಾಡಿ, ಕವರ್ ಅಂಚಲ್ಲಿ ಒಂದು ಕಚ್ಚು ಬೀಳಿಸಿ, ಇದು ಆಗಲ್ಲ, ಇಂಜಿನ್ ಇಳಿಸಿ ಪೇಟೆಗೆ ತನ್ನಿ ಅಂದ್ರು. ಚಿಕ್ಕಪ್ಪ ಆ ಕಚ್ಚನ್ನ ಬೆರಳಲ್ಲಿ ಮುಟ್ಟಿ ನೋಡಿ ಏನೂ ಹೇಳದೆ ಒಳಗೆ ಹೋದ್ರು. ಅವತ್ತು ಟಾರ್ಪಾಲ್ ಹೊದಿಸಿದ್ದು.

ಆಮೇಲೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ನಾವು ಸ್ಟಾರ್ ಅಂತ ಒಂದೇ ಹೆಸರಲ್ಲಿ ಕರೆಯೋದು ಎರಡು ಬೇರೆ ಬೇರೆ ಜಾತಿ. ಅಂಗಡೀಲಿ ಸಿಗೋದು ಫಿಲಿಪ್ಸ್, ಅಮೆರಿಕದವ್ರದ್ದು, 1930ರ ದಶಕದಲ್ಲಿ ಬಂದಿದ್ದು. ಜಪಾನ್ ಗಾಡಿಗಳಲ್ಲಿ ಇರೋದು ಜೆಐಎಸ್, ಅಂದ್ರೆ ಜಪಾನಿನ ಸ್ಟ್ಯಾಂಡರ್ಡು. ಮೇಲಿಂದ ನೋಡಿದ್ರೆ ಎರಡೂ ಒಂದೇ ಥರ. ಆದ್ರೆ ಫಿಲಿಪ್ಸ್ ತುದಿ ಜೆಐಎಸ್ ಗುಂಡಿ ಒಳಗೆ ಪೂರ್ತಿ ಕೂರಲ್ಲ, ತಳ ಮುಟ್ಟೋಕೆ ಮೊದ್ಲೇ ಸಿಕ್ಕಾಕೊಳ್ಳುತ್ತೆ, ಬಲ ಕೊಟ್ರೆ ಹತ್ತಿ ಜಾರುತ್ತೆ. ಜೆಐಎಸ್ ಸ್ಕ್ರೂನ ಗುರುತು ಹಿಡಿಯೋಕೆ ಎಷ್ಟೋ ಸಲ ತಲೆ ಮೇಲೆ ಪ್ಲಸ್ ಪಕ್ಕದಲ್ಲಿ ಒಂದು ಚಿಕ್ಕ ಚುಕ್ಕೆ ಇರುತ್ತೆ, ಸಾಸಿವೆಗಿಂತ ಸಣ್ಣದು. ಟಾರ್ಚ್ ಹಿಡಿದು ಗ್ರೀಸ್ ಒರೆಸಿ ನೋಡಿದೆ, ನಮ್ಮ ಕವರಿನ ಸ್ಕ್ರೂಗಳ ಮೇಲೆ ಇತ್ತು. ಮೊದಲ್ನೇ ದಿನಾನೂ ಇತ್ತು, ನಾನು ನೋಡಿರ್ಲಿಲ್ಲ ಅಷ್ಟೇ.

ಇನ್ನೊಂದು ವಿಷ್ಯ ಸೈಜು. ಕವರ್ ಸ್ಕ್ರೂಗಳು 6 ಎಂಎಂ, ಅದಕ್ಕೆ 3ನೇ ನಂಬರ್ ತುದಿ ಬೇಕು. ಮನೇಲಿ ಎಲ್ರ ಹತ್ರಾನೂ ಇರೋದು 2ನೇ ನಂಬರು. ನಾನು ತಪ್ಪು ಜಾತಿ, ತಪ್ಪು ಸೈಜು ಎರಡೂ ಸೇರಿಸಿ ತಿರುಗಿಸ್ತಾ ಇದ್ದೆ.

ಈಗ ಸಾಮಾನಿನ ವಿಷ್ಯಕ್ಕೆ ಬರ್ತೀನಿ. ವೆಸ್ಸೆಲ್ ಜಪಾನಿನ ಒಸಾಕಾದ ಕಂಪನಿ, 1916ರಿಂದ ಇದೆ, ಸ್ಕ್ರೂಡ್ರೈವರ್ ಮಾಡೋದೇ ಅವ್ರ ಕಸುಬು. ನಾನು ತಗೊಂಡಿದ್ದು ಜೆಐಎಸ್ ಗುಂಡಿಗೆ ಕೂರೋ ತುದಿಯ ಮೆಗಾಡೋರಾ ಇಂಪ್ಯಾಕ್ಟಾ, 2ನೇ ನಂಬರ್ 100 ಎಂಎಂದು ಒಂದು, 3ನೇ ನಂಬರ್ 150 ಎಂಎಂದು ಒಂದು. ಎರಡೂ ಸೇರಿ ನನಗೆ ಮೂರು ಸಾವಿರದ ಹತ್ರ ಬಿತ್ತು. ಕೊರಿಯರ್‌ನವ್ರು ತೋಟದ ತನಕ ಬರಲ್ಲ ಅಂತ ಗೋಣಿಕೊಪ್ಪದಲ್ಲೇ ಇಟ್ಕೊಂಡಿದ್ರು, ನಾನೇ ಹೋಗಿ ತಂದೆ.

ನೋಡೋಕೆ ದಪ್ಪ ಹಿಡಿಯ ಮಾಮೂಲಿ ಸ್ಕ್ರೂಡ್ರೈವರ್ ಥರಾನೇ ಇದೆ, ಆದ್ರೆ ಹಿಡಿ ಹಿಂದುಗಡೆ ಸ್ಟೀಲ್ ಟೋಪಿ ಇದೆ, ಅದರ ಮೇಲೆ ಸುತ್ತಿಗೇಲಿ ಹೊಡೆದ್ರೆ ತುದಿ ಸ್ಕ್ರೂ ಒಳಗೆ ಒತ್ಕೊಂಡು ಅದೇ ಕ್ಷಣದಲ್ಲಿ 12 ಡಿಗ್ರಿ ಎಡಕ್ಕೆ ತಿರುಗುತ್ತೆ. ಒತ್ತೋದು ತಿರುಗಿಸೋದು ಎರಡೂ ಒಂದೇ ಏಟಿಗೆ ಆಗೋದ್ರಿಂದ ಜಾರೋಕೆ ಅವಕಾಶಾನೇ ಇಲ್ಲ. ಕರೆಂಟ್ ಬೇಡ, ಬ್ಯಾಟರಿ ಬೇಡ. ನಮ್ಮ ಕಡೆ ಇದು ದೊಡ್ಡ ಮಾತು, ಜುಲೈನಲ್ಲಿ ಮರ ಬಿದ್ದು ಲೈನ್ ಕಟ್ ಆದ್ರೆ ನಾಲ್ಕೈದು ದಿನ ಕರೆಂಟ್ ಇರಲ್ಲ, ನಾನು ಇಡೀ ಇಂಜಿನ್ ಬಿಚ್ಚಿದ್ದು ಅಂಥ ಒಂದು ವಾರದಲ್ಲಿ, ಗೋಡೌನ್ ಬಾಗ್ಲು ತೆಗೆದಿಟ್ಟು ಹಗಲು ಬೆಳಕಲ್ಲಿ.

ಹಿಂದಿನ ದಿನ ಸಂಜೇನೇ ಪ್ರತಿ ಸ್ಕ್ರೂ ಬುಡಕ್ಕೂ ತುಕ್ಕು ಬಿಡಿಸೋ ಎಣ್ಣೆ ಹಾಕಿಟ್ಟಿದ್ದೆ. ಬೆಳಿಗ್ಗೆ ಪಿನ್ ತಗೊಂಡು ಪ್ಲಸ್ ಗುಂಡಿ ಒಳಗಿನ ಮಣ್ಣು ಗ್ರೀಸು ಪೂರಾ ಕೆರೆದು ತೆಗೆದೆ, ಇದನ್ನ ಮಾತ್ರ ಯಾರೂ ಬಿಡ್ಬೇಡಿ, ತಳದಲ್ಲಿ ಒಂದು ಚೂರು ಮಣ್ಣಿದ್ರೂ ತುದಿ ಕೂರಲ್ಲ. 3ನೇ ನಂಬರ್ ಇಟ್ಟೆ. ಇಟ್ಟಾಗ್ಲೇ ವ್ಯತ್ಯಾಸ ಗೊತ್ತಾಯ್ತು, ಕೈ ಬಿಟ್ರೂ ಬೀಳದ ಹಂಗೆ ಕೂತ್ಕೊಳ್ತು. ಚಿಕ್ಕಪ್ಪ ಕುರ್ಚಿ ಹಾಕ್ಕೊಂಡು ಕೂತಿದ್ರು, "ಮೆಲ್ಲ ಹೊಡಿ ಮಗಾ, ಕೇಸಿಂಗ್ ಒಡೆದ್ರೆ ಇನ್ನೊಂದು ಸಿಗಲ್ಲ" ಅಂದ್ರು. ಅರ್ಧ ಕೇಜಿ ಸುತ್ತಿಗೇಲಿ ಒಂದು, ಎರಡು, ಮೂರು ಏಟು, ಏನೂ ಆಗ್ಲಿಲ್ಲ. ನಾಲ್ಕನೇ ಏಟಿಗೆ ಟಕ್ ಅಂತ ಸಣ್ಣ ಸದ್ದು, ಸ್ಕ್ರೂ ತಲೆ ಸುತ್ತ ಬೆಳ್ಳಗಿನ ಪುಡಿ ಒಂದು ಉಂಗುರದ ಥರ ಬಿರುಕು ಬಿಟ್ಟು ಕೆಳಗೆ ಉದುರ್ತು. ಆಮೇಲೆ ಸುತ್ತಿಗೆ ಕೆಳಗಿಟ್ಟು ಕೈಯಲ್ಲೇ ತಿರುಗಿಸ್ದೆ, ಬಂತು. ಸ್ಕ್ರೂನ ಚಿಕ್ಕಪ್ಪನ ಕೈಗೆ ಕೊಟ್ಟೆ. ಅವ್ರು ಅದನ್ನ ಪಂಚೆಗೆ ಒರೆಸಿ ಒರೆಸಿ ನೋಡಿದ್ರು.

ಅವತ್ತು ಕ್ಲಚ್ ಕವರ್, ಆಯಿಲ್ ಪಂಪ್ ಕವರ್, ಎಡಗಡೆ ಪಾಯಿಂಟ್ಸ್ (ಪ್ಲಗ್‌ಗೆ ಸರಿಯಾದ ಹೊತ್ತಿಗೆ ಕಿಡಿ ಕೊಡಿಸೋ ಭಾಗ) ಕವರ್ ಮೂರೂ ಬಿಚ್ಚಿದ್ವಿ, ಒಂದು ತಲೆನೂ ಹೋಗ್ಲಿಲ್ಲ. ಕಾರ್ಬೊರೇಟರ್ ಬೌಲ್ ಸ್ಕ್ರೂಗಳಿಗೆ 2ನೇ ನಂಬರು, ಅದನ್ನ ಹೊಡೀಲೇ ಬಾರ್ದು, ಅಲ್ಲಿ ಲೋಹ ತುಂಬಾ ಮೆದು, ಬರೀ ಕೈಯಲ್ಲಿ ಒತ್ತಿ ತಿರುಗಿಸಿದ್ರೆ ಸಾಕು, ತುದಿ ಸರಿಯಾಗಿ ಕೂರೋದ್ರಿಂದ ಬಂದ್ಬಿಡುತ್ತೆ.

ಒಳಗೆ ನೋಡಿದ್ಮೇಲೆ ಈ ಸ್ಕ್ರೂಗಳ ಬಗ್ಗೆ ಇಷ್ಟು ಹಠ ಯಾಕೆ ಬೇಕಿತ್ತು ಅಂತ ಅರ್ಥ ಆಯ್ತು. ಕ್ರ್ಯಾಂಕಿನ, ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ದಂಡದ, ಎರಡೂ ಕಡೆ ಆಯಿಲ್ ಸೀಲು ಕಲ್ಲಿನ ಥರ ಗಟ್ಟಿಯಾಗಿತ್ತು. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್ ಕೇಸೇ ಪೆಟ್ರೋಲ್ ಗಾಳಿ ಎಳ್ಕೊಳ್ಳೋ ಪಂಪು. ಬಲಗಡೆ ಸೀಲ್ ಹೋದ್ರೆ ಗೇರ್ ಬಾಕ್ಸ್ ಆಯಿಲ್ ಎಳ್ಕೊಂಡು ಬಿಳಿ ಹೊಗೆ ಬರುತ್ತೆ, ಅದು ಕಣ್ಣಿಗಾದ್ರೂ ಕಾಣುತ್ತೆ. ಎಡಗಡೆದು ಹೋದ್ರೆ ಬರೀ ಗಾಳಿ ಎಳ್ಕೊಳ್ಳುತ್ತೆ, ಹೊಗೆ ಇಲ್ಲ ಗುರುತಿಲ್ಲ, ಗಾಡಿ ಇನ್ನೂ ಚುರುಕಾಗಿ ಓಡ್ತಿದೆ ಅನ್ಸುತ್ತೆ, ಆ ಕಡೆ ಪಿಸ್ಟನ್ ಕಾದು ಜಾಮ್ ಆಗುತ್ತೆ. ಕಾರ್ಬೊರೇಟರ್ ಮಾತ್ರ ತೊಳೆದು, ಪ್ಲಗ್ ಬದ್ಲಾಯಿಸಿ ಸ್ಟಾರ್ಟ್ ಮಾಡಿ ನೋಡೋಣ ಅಂತ ಎಷ್ಟು ಜನ ಹೇಳಿದ್ರು. ಹಂಗೆ ಮಾಡಿದ್ರೆ ಆ ಸಿಲಿಂಡರ್ ಕಥೆ ಮುಗೀತಿತ್ತು. ಬೋರಿಂಗು, ಕ್ರ್ಯಾಂಕ್ ಕೆಲಸ ಎರಡೂ ಮೈಸೂರಲ್ಲಿ ಒಂದು ಲೇತ್ ಅಂಗಡೀಲಿ ಮಾಡಿಸಿದ್ದು, ಮೂಲ ಬೋರ್, ಅಂದ್ರೆ ಸಿಲಿಂಡರ್ ಒಳಗಿನ ಅಗಲ, 64 ಎಂಎಂ, ನಮ್ಮದು ಈಗ 64.50ಕ್ಕೆ ಬಂದಿದೆ. ಟ್ಯಾಂಕ್ ತುಕ್ಕಿಗೆ ಸಿಟ್ರಿಕ್ ಆಸಿಡ್ ನೀರು ತುಂಬಿ ಎರಡು ದಿನ ಬಿಟ್ಟು, ಸೋಡಾ ಪುಡಿ ನೀರಲ್ಲಿ ತೊಳೆದು, ಕಾಫಿ ಒಣಗಿಸೋ ಕಣದಲ್ಲಿ ಬಿಸಿಲಿಗೆ ಇಟ್ಟಿದ್ದು, ಅಷ್ಟೇ.

ಇದರ ಕೊರತೆಗಳನ್ನೂ ಹೇಳ್ಬೇಕು. ಇಂಪ್ಯಾಕ್ಟಾ ಬಿಚ್ಚೋಕೆ ಮಾತ್ರ, ಬಲಕ್ಕೆ ತಿರುಗೋ ಏಟು ಇಲ್ಲ, ಟೈಟ್ ಮಾಡೋಕೆ ಮಾಮೂಲಿ ಡ್ರೈವರ್ ಥರ ಕೈಯಲ್ಲೇ ತಿರುಗಿಸ್ಬೇಕು. ನನಗೆ ಅದೇನು ತೊಂದ್ರೆ ಅನ್ಸಿಲ್ಲ. ಮೊದ್ಲೇ ತಲೆ ಸವೆದಿರೋ ಸ್ಕ್ರೂಗೆ ಇದು ಮಂತ್ರ ಹಾಕಲ್ಲ, ಆ ಮೂರು ಸ್ಕ್ರೂಗಳಲ್ಲಿ ಒಂದು ಬಂತು, ಇನ್ನೆರಡರ ತಲೆ ಡ್ರಿಲ್ ಮಾಡಿ ತೆಗೆದು, ಕವರ್ ಎಳೆದ್ಮೇಲೆ ಉಳಿದ ಕಡ್ಡಿನ ಪ್ಲೈಯರಲ್ಲಿ ತಿರುಗಿಸಿ ತೆಗೆದೆ. ಕಬ್ಬಿಣದ ಕಡ್ಡಿ ಹಿಡಿ ಒಳಗಿಂದ ಹಿಂದಿನ ಟೋಪಿ ತನಕ ಹೋಗೋದ್ರಿಂದ ಕರೆಂಟ್ ಕೆಲಸಕ್ಕೆ ಮುಟ್ಲೇಬೇಡಿ, ಮನೇಲಿ ಮಕ್ಕಳಿಗೂ ಹೇಳಿಡಿ. ಮತ್ತೆ ನಮ್ಮ ಹವೆಗೆ ತುದಿ ಬೇಗ ತುಕ್ಕು ಹಿಡಿಯುತ್ತೆ, ನಾನು ಎಣ್ಣೆ ಬಟ್ಟೇಲಿ ಸುತ್ತಿ ಡಬ್ಬಿ ಒಳಗೆ ಇಡ್ತೀನಿ. ಬೆಲೆ ಜಾಸ್ತಿ ಅನ್ನೋರಿಗೆ ಒಂದೇ ಮಾತು, ಒಂದು ಕ್ಲಚ್ ಕವರ್ ಹುಡುಕಿ ತಗೊಳ್ಳೋಕೆ ಏನಾಗುತ್ತೆ ಅಂತ ಒಂದ್ಸಲ ವಿಚಾರಿಸಿ.

ತುಂಬಾ ಜನ ವಾಪಸ್ ಜೋಡಿಸೋವಾಗ ಸ್ಟೇನ್‌ಲೆಸ್ ಅಲೆನ್ ಬೋಲ್ಟ್ ಹಾಕ್ತಾರೆ. ನಾನು ಹಾಕ್ಲಿಲ್ಲ. ಅಲೆನ್ ಕೀಲಿ ಬಲ ಜಾಸ್ತಿ ಬೀಳುತ್ತೆ, ನಲವತ್ತು ವರ್ಷದ ಅಲ್ಯೂಮಿನಿಯಂ ಥ್ರೆಡ್ ಹಂಗೇ ಕಿತ್ಕೊಂಡು ಬರುತ್ತೆ, ಸ್ಟೇನ್‌ಲೆಸ್ಸು ಅಲ್ಯೂಮಿನಿಯಂ ಜೊತೆ ಮಳೆಗಾಲದಲ್ಲಿ ಸೇರಿದ್ರೆ ಹಿಡ್ಕೊಳ್ಳೋದೂ ಜಾಸ್ತಿ. ಮೂಲ ಸ್ಕ್ರೂಗಳಿಗೇ ಕಾಪರ್ ಗ್ರೀಸ್ ಹಚ್ಚಿ ಹಾಕಿದೀನಿ. ಈ ಗಾಡಿಗೆ ಆ ದುಂಡು ತಲೆ ಸ್ಕ್ರೂಗಳೇ ಚಂದ.

ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ಬಂತು. ನಮ್ಮಲ್ಲಿ ಅವತ್ತು ಕೋವಿ ಕತ್ತಿ ಎಲ್ಲಾ ತೊಳೆದು ಗಂಧ ಹಚ್ಚಿ ತೋಕ್ ಪೂ ಅನ್ನೋ ಹೂ ಇಟ್ಟು ಪೂಜೆ ಮಾಡೋದು. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರೋಷ್ಟರಲ್ಲಿ ಚಿಕ್ಕಪ್ಪ ಈ ಎರಡು ಸ್ಕ್ರೂಡ್ರೈವರ್‌ನೂ ಎಣ್ಣೆ ಒರೆಸಿ ಕೋವಿ ಪಕ್ಕದಲ್ಲೇ ದೀಪದ ಮುಂದೆ ಇಟ್ಟಿದ್ರು. ನಾನು ಇಡಿ ಅಂತ ಹೇಳಿರ್ಲಿಲ್ಲ.

ನವೆಂಬರಲ್ಲಿ ಗಾಡಿ ಸ್ಟಾರ್ಟ್ ಆಯ್ತು, ಒಂಬತ್ತನೇ ಕಿಕ್ಕಿಗೆ. ಈಗ ರನ್ನಿಂಗ್ ಇನ್‌ನಲ್ಲಿದೆ, ಅಂದ್ರೆ ಇಂಜಿನ್ ಪಳಗೋ ತನಕ ಮೆಲ್ಲ ಓಡಿಸೋದು, ಅಮ್ಮತ್ತಿ ತನಕ ಹೋಗಿ ಬರ್ತೀವಿ, ಎಕ್ಸಿಲರೇಟರ್ ಜಾಸ್ತಿ ತಿರುಚಲ್ಲ. ಪಾಯಿಂಟ್ಸ್ ಗ್ಯಾಪ್ ನೋಡೋ ಕೆಲಸ ಚಿಕ್ಕಪ್ಪಂದೇ, ಭಾನುವಾರ ಬೆಳಿಗ್ಗೆ ಅವ್ರೇ ಡಬ್ಬಿ ತೆಗೆದು 3ನೇ ನಂಬರ್ ಹುಡ್ಕೊಂಡು ಎಡಗಡೆ ಕವರ್ ಬಿಚ್ತಾರೆ.