ಸೊಂಟನೋವಿನ ಇಂಜೆಕ್ಷನ್: ಯಾವುದರಲ್ಲಿ ಸೋಂಕಿನ ಭಯ ಎಷ್ಟು?

ಹಳೆಯ ಸೊಂಟನೋವಿಗೆಂದು ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಬರುವವರ ಮುಂದೆ ಮೂರು ಬಗೆಯ ಇಂಜೆಕ್ಷನ್‌ಗಳ ಮಾತು ಬರಬಹುದು. ಬೆನ್ನೆಲುಬಿನ ಹಿಂಬದಿಯ ಸಣ್ಣ ಕೀಲುಗಳಿಗೆ ಕೊಡುವ ಫ್ಯಾಸೆಟ್ ಇಂಜೆಕ್ಷನ್ನಿನಲ್ಲಿ ಸೂಜಿ ನರಗಳ ಕಾಲುವೆಯ ಹೊರಗೇ ಉಳಿಯುವುದರಿಂದ, ಸೋಂಕು ನರಗಳಿಗೆ ತಲುಪುವ ಭಯ ಕಡಿಮೆ. ಕಾಲಿಗೆ ಇಳಿಯುವ ನೋವಿಗೆ ಕೊಡುವ ಎಪಿಡ್ಯೂರಲ್‌ನಲ್ಲಿ ಅದು ನರಗಳ ಹೊದಿಕೆಯ ಹತ್ತಿರಕ್ಕೇ ಹೋಗುವುದರಿಂದ, ಸೋಂಕು ಅಪರೂಪವಾದರೂ, ಕೀವು ಕಟ್ಟಿದರೆ ನರಗಳು ಒತ್ತಿಹೋಗಿ ಕಾಲಿನ ಬಲವೇ ಕುಸಿಯಬಹುದು. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್‌ನೊಳಗೇ ಕೊಡುವ ಮೂರನೆಯದು, ನನ್ನ ಮಟ್ಟಿಗೆ, ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು: ಅಲ್ಲಿ ರಕ್ತಸಂಚಾರ ತೀರಾ ಕಡಿಮೆಯಾದ್ದರಿಂದ ಒಮ್ಮೆ ಹೊಕ್ಕ ಬ್ಯಾಕ್ಟೀರಿಯಾವನ್ನು ಆಂಟಿಬಯೋಟಿಕ್ ತಲುಪುವುದೇ ಕಷ್ಟವಾಗಿ, ಚಿಕಿತ್ಸೆ ವಾರಗಟ್ಟಲೆ ಎಳೆಯುತ್ತದೆ.

ಔಷಧದ ಸೀಸೆಯೂ ಮುಖ್ಯ. ಇಂಥ ಇಂಜೆಕ್ಷನ್‌ಗಳಲ್ಲಿ ಹೆಚ್ಚಾಗಿ ಇರುವುದು ಊತ ಇಳಿಸುವ ಸ್ಟೀರಾಯ್ಡ್. 2012ರಲ್ಲಿ ಅಮೆರಿಕದಲ್ಲಿ ಶಿಲೀಂಧ್ರ ಸೇರಿದ್ದ ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, ಅವರಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ತಯಾರಿಕೆಯ ಅಂಥ ದೋಷ ನಮ್ಮ ಕೈಯಲ್ಲಿಲ್ಲ; ಆದರೂ ನಿಮ್ಮೆದುರಿಗೇ ಹೊಸ ಸೀಸೆ ತೆರೆಯುವಂತೆ ಕೇಳಲು ಸಂಕೋಚ ಬೇಡ.

ಸಕ್ಕರೆ ಕಾಯಿಲೆ ಇದ್ದವರಿಗೆ ಮೂರರಲ್ಲೂ ಅಪಾಯ ಹೆಚ್ಚು. ಸ್ಟೀರಾಯ್ಡ್ ಕೆಲವು ದಿನ ಸಕ್ಕರೆಯನ್ನೂ ಏರಿಸುತ್ತದೆ (ಜೋಳದ ರೊಟ್ಟಿಯನ್ನೇ ತಿನ್ನುತ್ತೇವೆಂಬ ಧೈರ್ಯ ಇಲ್ಲಿ ನಡೆಯದು). ಇಂಜೆಕ್ಷನ್ ಆದ ಮೇಲೆ ನೋವು ಇಳಿಯುವ ಬದಲು ರಾತ್ರಿ ಮಗ್ಗಲು ಬದಲಿಸಲಾಗದಷ್ಟು ಏರಿದರೆ, ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ, ನೋವಿನ ಮಾತ್ರೆ ನುಂಗುತ್ತ ಊರಲ್ಲೇ ಕೂರದೆ ಅದೇ ದಿನ ಎಂಆರ್‌ಐ ಇರುವ ಆಸ್ಪತ್ರೆಗೆ ಹೊರಡಬೇಕು.