ಸಣ್ಣ ಎಂಜಿನ್ನಿನ ಪೆಟ್ರೋಲಿಗೆ ಯಾವ ಕ್ಯಾನ್? ನನ್ನ ಓಟು 5 ಲೀಟರಿನ ಪ್ಲಾಸ್ಟಿಕ್ಕಿಗೆ

ಬ್ರಷ್ ಕಟರ್, ಚೈನ್‌ಸಾ, ಸಣ್ಣ ಪಂಪು ಇಷ್ಟಕ್ಕೇ ಪೆಟ್ರೋಲು ಬೇಕಿದ್ದರೆ 20 ಲೀಟರಿನ ಉಕ್ಕಿನ ಜೆರ್ರಿಕ್ಯಾನ್ ಕೊಳ್ಳಬೇಡಿ. ಪೆಟ್ರೋಲಿಗೆಂದೇ ಮಾಡಿದ, ದಪ್ಪ ಗೋಡೆಯ 5 ಲೀಟರ್ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕ್ಯಾನ್ ತನ್ನಿ. ಜೆರ್ರಿಕ್ಯಾನ್, ಸ್ಪ್ರಿಂಗ್ ಮುಚ್ಚಳದ ಸೇಫ್ಟಿ ಕ್ಯಾನ್ ಎರಡನ್ನೂ ಬಳಸಿ ನೋಡಿ ಹೇಳುತ್ತಿರುವ ಮಾತು. ನೀರಿನ ಬಾಟಲಿ ಈ ಹೋಲಿಕೆಗೇ ಬರುವುದಿಲ್ಲ: ಬಿಸಿಲಿಗೆ ಉಬ್ಬುತ್ತದೆ, ಮುಚ್ಚಳ ಬಿಗಿ ನಿಲ್ಲದು, ಬಾಯಾರಿದವರು ಎತ್ತಿ ಕುಡಿದುಬಿಟ್ಟಾರು.

ಜೆರ್ರಿಕ್ಯಾನ್ ಗಟ್ಟಿ, ಎರಡು ಮಾತಿಲ್ಲ. 1930ರ ದಶಕದ ಜರ್ಮನ್ ಸೈನ್ಯದ ವಿನ್ಯಾಸ ಇವತ್ತಿಗೂ ನಡೆಯುತ್ತಿದೆ. ಆದರೆ ತುಂಬಿದಾಗ ಹೆಚ್ಚುಕಡಿಮೆ 19 ಕಿಲೋ. ಅದನ್ನು ಎತ್ತಿ ಓರೆ ಮಾಡಿ ಒಂದು ಲೀಟರಿನ ಟ್ಯಾಂಕಿಗೆ ಸುರಿಯುವುದೆಂದರೆ ಕೊಡದಿಂದ ಇಂಕುಬುಡ್ಡಿ ತುಂಬಿದಂತೆ.

ಅದನ್ನಾದರೂ ಸಹಿಸಬಹುದು. ನಿಜವಾದ ತಲೆನೋವು ಸುರಿಯುವ ಕೊಳವೆ ಬಂದು ಕ್ಯಾನಿನ ಬಾಯಿಗೆ ಕೂರುವ ಜಾಗದ ರಬ್ಬರ್ ವಾಷರ್. ಪೆಟ್ರೋಲಿಗೆ ಒಗ್ಗದ ರಬ್ಬರಾದರೆ ಊದಿಕೊಂಡು, ಅಂಚು ಸುಕ್ಕಾಗಿ, ತೋಡಿನಿಂದ ಮೇಲೇಳುತ್ತದೆ. ಕ್ಯಾನ್ ನೆಟ್ಟಗಿದ್ದಾಗ ಏನೂ ಗೊತ್ತಾಗುವುದಿಲ್ಲ. ಓರೆ ಮಾಡಿದಿರೋ, ಪೆಟ್ರೋಲು ಕೊಳವೆಯ ಬುಡದಿಂದ ದಾರದಷ್ಟು ಸಣ್ಣಗೆ ಇಳಿದು ಮಣಿಕಟ್ಟು ತೋಯಿಸಿ, ಅಲ್ಲಿಂದ ಸೈಲೆನ್ಸರ್ ಮೇಲೆ ತೊಟ್ಟಿಕ್ಕುತ್ತದೆ. ಎಂಜಿನ್ ಬಿಸಿಯಿದ್ದರೆ ಮುಂದಿನದು ಹೇಳಬೇಕಿಲ್ಲ.

ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಸಾಮಾನ್ಯವಾಗಿ ಅದು ಬ್ಯೂಟೈಲ್ ರಬ್ಬರು, ಪೆಟ್ರೋಲಿನಲ್ಲಿ ಊದುತ್ತದೆ. ನೀರಿನ ಪೈಪಿಗೆ ಹಾಕುವ ಇಪಿಡಿಎಂ ರಬ್ಬರ್ ವಾಷರಿನ ಕತೆಯೂ ಅದೇ. ಪೆಟ್ರೋಲಿಗೆ ಒಗ್ಗುವ ರಬ್ಬರು, ನೈಟ್ರೈಲ್ ಅಥವಾ ವೈಟಾನ್ ಎಂದೇ ಕೇಳಿ ತನ್ನಿ. ಅಳತೆಗೆ ಹಳೇ ವಾಷರ್ ಒಯ್ಯಬೇಡಿ, ಅದು ಊದಿರುತ್ತದೆ. ತೋಡಿನ ಅಗಲವನ್ನೇ ಅಳೆಯಿರಿ. ಹೊಸದು ಕೂರಿಸಿದ ಮೇಲೆ ಅರ್ಧ ಲೀಟರ್ ಹಾಕಿ, ಕೊಳವೆಯ ಬುಡಕ್ಕೆ ಒಣ ಕಾಗದ ಸುತ್ತಿ, ಬಯಲಿನಲ್ಲಿ ಬೆಂಕಿಯಿಂದ ದೂರ ನಿಂತು ಇನ್ನೊಂದು ಪೆಟ್ರೋಲ್ ಕ್ಯಾನಿಗೆ ಸುರಿದು ನೋಡಿ. ಕಾಗದ ಒದ್ದೆಯಾದರೆ ವಾಷರ್ ಕೂತಿಲ್ಲ.

ಪ್ಲಾಸ್ಟಿಕ್ ಕ್ಯಾನಿಗೂ ವಾಷರ್ ಇದೆ, ಸುಳ್ಳೇಕೆ. ಆದರೆ ಕೊಳವೆ ತಿರುಪಿನಂತೆ ತಿರುಗಿಸಿ ಕೂರುತ್ತದೆ, ಕೈಯಲ್ಲಿರುವ ಭಾರವೂ 4 ಕಿಲೋ ಆಸುಪಾಸು. ಹಿಂಬದಿಯಲ್ಲಿ ಗಾಳಿತೂತು ಇರುವುದನ್ನೇ ಆರಿಸಿ. ಸುರಿಯುವಾಗ ಅದನ್ನು ತೆರೆದರೆ ಗುಳುಗುಳು ಎಂದು ಚಿಮ್ಮದೆ ಒಂದೇ ಎಳೆಯಾಗಿ ಇಳಿಯುತ್ತದೆ. ಆಮೇಲೆ ಮುಚ್ಚಲು ಮರೆಯಬಾರದು. ಸಾದಾ ಎಚ್‌ಡಿಪಿಇ ಗೋಡೆಯಿಂದ ಆವಿ ಮೆಲ್ಲಗೆ ಹೊರಬರುವುದೂ ಉಂಟು, ಹಾಗಾಗಿ ಮನೆಯೊಳಗೆ ಇಡಬೇಡಿ. ಬಿಸಿಲಿಗೆ ಬಿಟ್ಟು ಬಿಳಿಚಿಕೊಂಡು ಸಣ್ಣ ಬಿರುಕು ಕಂಡರೆ ಬಿಸಾಡಿ.

ಸೇಫ್ಟಿ ಕ್ಯಾನ್ ಒಂದೇ ಕಡೆ ಇಡುವ ವರ್ಕ್‌ಶಾಪಿಗೆ ಒಳ್ಳೆಯದು. ಮುಚ್ಚಳ ತಾನೇ ಮುಚ್ಚಿಕೊಳ್ಳುತ್ತದೆ, ಬಾಯಿಯ ಜಾಲರಿ ಕಿಡಿಯನ್ನು ಒಳಬಿಡುವುದಿಲ್ಲ. ಬೇಗ ತುಂಬಲಿ ಎಂದು ಆ ಜಾಲರಿ ಕಿತ್ತವರ ಕೈಲಿರುವುದು ಬರೀ ದುಬಾರಿ ಡಬ್ಬಿ. ಒಳಗೆ ಒತ್ತಡ ಏರಿದರೆ ಸೇಫ್ಟಿ ಕ್ಯಾನ್ ಆವಿಯನ್ನು ಹೊರಬಿಡುತ್ತದೆ, ಆದ್ದರಿಂದ ಕಾರಿನ ಡಿಕ್ಕಿಗೆ ನಾನು ಹಾಕುವುದಿಲ್ಲ. ನನ್ನ ಜೇಬಿಗೂ ಅದು ಭಾರ.

5 ಲೀಟರೇ ಯಾಕೆಂದರೆ, 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಮಿಶ್ರಣಕ್ಕೆ 100 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್, ಲೆಕ್ಕ ಸುಲಭ. ಎಥನಾಲ್ ಬೆರೆತ ಪೆಟ್ರೋಲು ತೇವ ಹೀರುತ್ತದೆ, ಮಿಶ್ರಣ ತಿಂಗಳೊಳಗೆ ಮುಗಿಯಬೇಕು. 20 ಲೀಟರ್ ನನ್ನ ಕೆಲಸಕ್ಕೆ ಅಷ್ಟರಲ್ಲಿ ಮುಗಿಯದು. ದಿನವಿಡೀ ಜನರೇಟರ್ ಓಡಿಸುವವರಾದರೆ ಜೆರ್ರಿಕ್ಯಾನೇ ಸರಿ.

ಯಾವ ಕ್ಯಾನಾದರೂ ತುಂಬಿಸುವಾಗ ಗಾಡಿಯಿಂದ ಇಳಿಸಿ ನೆಲದ ಮೇಲಿಡಿ, ಬಂಕಿನ ನಾಝಲ್ ಕ್ಯಾನಿನ ಬಾಯಿಗೆ ತಾಗಿಯೇ ಇರಲಿ. ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು. ಬಿಸಿಗೆ ಹಿಗ್ಗಲು ನೂರಕ್ಕೆ ಐದು ಭಾಗ ಖಾಲಿ ಬಿಡಿ. ಆಯಿಲ್ ಬೆರೆಸಿದ ಕ್ಯಾನಿನ ಹಿಡಿಗೆ ಒಂದು ತುಂಡು ಹಗ್ಗ ಸುತ್ತಿ. ಬರೀ ಪೆಟ್ರೋಲು ಟೂ-ಸ್ಟ್ರೋಕ್ ಎಂಜಿನ್ನಿಗೆ ಬಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಕತ್ತಲಲ್ಲೂ ಯಾವುದು ಯಾವುದೆಂದು ಕೈಗೇ ತಿಳಿಯಬೇಕು.