ಸ್ಟೀಮ್ ಡೆಕ್ ಎಲ್‌ಸಿಡಿ: ದುಡಿಯುವವರ ಕೈಯಲ್ಲಿ ಎರಡು ವರ್ಷ

ಊಟ ಮುಗಿದು, ಮಕ್ಕಳು ಮಲಗಿ, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚಿಟ್ಟ ಮೇಲೆ ಉಳಿಯುವುದು ಮುಕ್ಕಾಲು ಗಂಟೆ. ಕಂಪ್ಯೂಟರ್ ಆನ್ ಮಾಡಿ, ಅಪ್‌ಡೇಟ್ ಮುಗಿಯುವುದನ್ನು ಕಾದು, ಕಳೆದ ಸಲ ಸೇವ್ ಮಾಡಿದ ಜಾಗದಿಂದ ಮತ್ತೆ ನಡೆದು ಬರುವಷ್ಟರಲ್ಲಿ ಅದರಲ್ಲಿ ಅರ್ಧ ಹೋಗಿರುತ್ತದೆ. ಕೆಲಸಕ್ಕೆ ಹೋಗುವವರು ಗೇಮಿಂಗ್ ಬಿಡುವುದು ಆಸಕ್ತಿ ಸತ್ತು ಅಲ್ಲ, ಈ ಅರ್ಧ ಗಂಟೆಯ ಸುಂಕ ಕಟ್ಟಲಾಗದೆ. ಸ್ಟೀಮ್ ಡೆಕ್, ಅಂದರೆ ವಾಲ್ವ್ ಕಂಪನಿಯ ಸ್ಟೀಮ್ ಅಂಗಡಿಯ ಕಂಪ್ಯೂಟರ್ ಆಟಗಳನ್ನು ಕೈಯಲ್ಲಿ ಹಿಡಿದೇ ಆಡುವ ಯಂತ್ರ, ಆ ಸುಂಕವನ್ನು ತೆಗೆದುಹಾಕುತ್ತದೆ. ಗ್ರಾಫಿಕ್ಸ್, ಫ್ರೇಮ್ ರೇಟ್ ಎಲ್ಲ ಆಮೇಲೆ. ಇದರ ಅತಿ ದೊಡ್ಡ ಗುಣ ಮೇಲಂಚಿನಲ್ಲಿರುವ ಪವರ್ ಬಟನ್.

ಬಟನ್ ಒಮ್ಮೆ ಒತ್ತಿ ಬಿಟ್ಟರೆ ಆಟ ಇದ್ದ ಜಾಗದಲ್ಲೇ ನಿಲ್ಲುತ್ತದೆ. ಮತ್ತೆ ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಅದೇ ಜಾಗ. ಎಲ್ಡನ್ ರಿಂಗ್ ಎಂಬ ಆಟದಲ್ಲಿ ನಡುವೆ ತಡೆದು ನಿಲ್ಲಿಸುವ ನಿಜವಾದ ಪಾಜ್ ಇಲ್ಲ, ಮೆನು ತೆರೆದರೂ ಶತ್ರು ಹೊಡೆಯುತ್ತಲೇ ಇರುತ್ತಾನೆ. ಡೆಕ್‌ನಲ್ಲಿ ಆಫ್‌ಲೈನ್ ಆಡುವಾಗ, ಕತ್ತಿ ಎತ್ತಿದ ಕ್ಷಣದಲ್ಲಿ ಕುಕ್ಕರ್ ಕೂಗಿದರೂ ಬಟನ್ ಒತ್ತಿ ಎದ್ದು ಹೋಗಬಹುದು. ವಾಪಸ್ ಬಂದಾಗ ಕತ್ತಿ ಇನ್ನೂ ಗಾಳಿಯಲ್ಲೇ ಇರುತ್ತದೆ. 16 ಜಿಬಿ ರ‍್ಯಾಮ್‌ಗೆ ಮಾತ್ರ ಸ್ವಲ್ಪ ಕರೆಂಟ್ ಉಳಿಸಿ ಬೇರೆಲ್ಲವನ್ನೂ ಮಲಗಿಸುವುದರಿಂದ ಇದು ಸಾಧ್ಯ. ಆದ್ದರಿಂದಲೇ ಒಂದು ಎಚ್ಚರ: ಮಲಗಿಸಿದ ಸ್ಥಿತಿಯಲ್ಲೇ ಬ್ಯಾಟರಿ ಪೂರ್ತಿ ಇಳಿದರೆ, ಸೇವ್ ಆಗದ ಆಟ ಹೋದಂತೆಯೇ. ಎರಡು ಮೂರು ದಿನ ಮುಟ್ಟುವುದಿಲ್ಲ ಎಂದು ಗೊತ್ತಿದ್ದರೆ ಸೇವ್ ಮಾಡಿ, ಆಟದಿಂದ ಹೊರಬಂದು, ಪೂರ್ತಿ ಆಫ್ ಮಾಡಿ.

ಇನ್ನೊಂದು ಎಡವಟ್ಟು ಕ್ಲೌಡ್ ಸೇವ್‌ನದು. ಸಾಮಾನ್ಯವಾಗಿ ಆಟವನ್ನು ಮುಚ್ಚಿದಾಗ ಮಾತ್ರ ಸೇವ್ ಫೈಲು ಸ್ಟೀಮ್‌ಗೆ ಏರುತ್ತದೆ. ಡೆಕ್‌ನಲ್ಲಿ ಆಟ ಮಲಗಿಸಿಟ್ಟು ಮನೆಯ ಕಂಪ್ಯೂಟರಿನಲ್ಲಿ ಅದನ್ನೇ ತೆರೆದರೆ ಹಳೆಯ ಸೇವ್ ಸಿಗುತ್ತದೆ. ಅಲ್ಲಿ ಒಂದು ಗಂಟೆ ಆಡಿದಿರೋ, ಎರಡು ಸೇವ್‌ಗಳ ಜಗಳ ಶುರು, ಒಂದನ್ನು ಕಳೆದುಕೊಳ್ಳಲೇಬೇಕು. ಮಲಗಿಸುವುದು ಒಂದೇ ಯಂತ್ರದಲ್ಲಿ ಮುಂದುವರಿಸಲು. ಯಂತ್ರ ಬದಲಿಸುವಾಗ ಆಟ ಮುಚ್ಚಿ, ವೈಫೈ ಇರುವಾಗಲೇ ಮೇಲೆ ಏರಿದೆಯೇ ನೋಡಿ.

ಈಗ ರೈಲಿನ ವಿಷಯ. ಮೈಸೂರು–ಬೆಂಗಳೂರು ರೈಲುಮಾರ್ಗ ಸುಮಾರು 138 ಕಿಲೋಮೀಟರ್, ರೈಲಿನ ಮೇಲೆ ಎರಡೂವರೆಯಿಂದ ಮೂರು ಗಂಟೆ. ಎಲ್‌ಸಿಡಿ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್. ದೊಡ್ಡ ಆಟವೊಂದನ್ನು ಯಾವ ಮಿತಿಯೂ ಇಲ್ಲದೆ ಓಡಿಸಿದರೆ ಚಿಪ್ ಒಂದೇ 15 ವ್ಯಾಟ್ ತಿನ್ನುತ್ತದೆ. ಸ್ಕ್ರೀನ್, ಫ್ಯಾನ್, ವೈಫೈ ಸೇರಿ ಒಟ್ಟು 24 ವ್ಯಾಟ್ ಆಸುಪಾಸು. 40 ಅನ್ನು 24ರಿಂದ ಭಾಗಿಸಿ: ಒಂದು ಗಂಟೆ ನಲವತ್ತು ನಿಮಿಷ. ಮೈಸೂರಲ್ಲಿ ಹತ್ತಿದವರಿಗೆ ಚನ್ನಪಟ್ಟಣದ ಹೊತ್ತಿಗೆ ಕಪ್ಪು ಪರದೆ. ಮಂಡ್ಯದಲ್ಲಿ ಹತ್ತುವವರಿಗೆ ಬೆಂಗಳೂರು ಕಷ್ಟಪಟ್ಟು ಸಿಗಬಹುದು.

ಪರಿಹಾರ ಬಲಗಡೆಯ ಮೂರು ಚುಕ್ಕಿಯ ಬಟನ್‌ನಲ್ಲಿದೆ. ಅದನ್ನು ಒತ್ತಿ, ಬ್ಯಾಟರಿ ಚಿತ್ರಕ್ಕೆ ಹೋಗಿ, ಮೊದಲು ಆ ಆಟಕ್ಕಷ್ಟೇ ಅನ್ವಯವಾಗುವ ಪ್ರೊಫೈಲ್ ಆನ್ ಮಾಡಿ. ಇಲ್ಲದಿದ್ದರೆ ಒಂದು ಆಟಕ್ಕೆ ಹಾಕಿದ ಮಿತಿ ಎಲ್ಲ ಆಟಗಳಿಗೂ ಬೀಳುತ್ತದೆ, ಆಮೇಲೆ ಬೇರೆ ಆಟ ಯಾಕೆ ತೆವಳುತ್ತಿದೆ ಎಂದು ಹುಡುಕುತ್ತಾ ಕೂರಬೇಕು. ಫ್ರೇಮ್ ಮಿತಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡಬೇಕು ಎಂಬುದನ್ನು, 40ಕ್ಕೆ ಇಡಿ. 30 ಫ್ರೇಮ್‌ನಲ್ಲಿ ಒಂದೊಂದು ಚಿತ್ರಕ್ಕೆ 33.3 ಮಿಲಿಸೆಕೆಂಡ್, 60ರಲ್ಲಿ 16.7. ಸಮಯದ ಲೆಕ್ಕದಲ್ಲಿ ಇವೆರಡರ ನಟ್ಟನಡುವೆ ಬರುವುದು 25, ಅಂದರೆ 40 ಫ್ರೇಮ್. ಕೈಗೆ ನುಣುಪು ತಿಳಿಯುತ್ತದೆ, ಕರೆಂಟ್ ಮಾತ್ರ 60ರಷ್ಟು ಬೇಡ. ಆಮೇಲೆ ಟಿಡಿಪಿ ಮಿತಿಯನ್ನು, ಅಂದರೆ ಚಿಪ್ ತಿನ್ನುವ ಕರೆಂಟಿನ ಮಿತಿಯನ್ನು, 8 ವ್ಯಾಟ್‌ಗೆ ಇಳಿಸಿ ನೋಡಿ. ಆಟ ತಡವರಿಸಿದರೆ ಒಂದೊಂದೇ ವ್ಯಾಟ್ ಏರಿಸಿ. ಒಟ್ಟು ಖರ್ಚು 13–14 ವ್ಯಾಟ್‌ನಲ್ಲಿ ನಿಂತರೆ ಮೂರು ಗಂಟೆ ಹತ್ತಿರ ಬರುತ್ತದೆ. ಸ್ಲೇ ದ ಸ್ಪೈರ್, ಸ್ಟಾರ್‌ಡ್ಯೂ ವ್ಯಾಲಿಯಂಥವು ಇನ್ನೂ ಕಡಿಮೆ ತಿನ್ನುತ್ತವೆ, ಹೋಗಿ ಬರುವ ಎರಡೂ ದಾರಿಗೆ ಸಾಕಾದರೂ ಆಶ್ಚರ್ಯವಿಲ್ಲ.

ಬಿಸಿಲಿನ ಬಗ್ಗೆಯೂ ಹೇಳಬೇಕು. ಎಲ್‌ಸಿಡಿ ಪರದೆಯ ಬೆಳಕು 400 ನಿಟ್ಸ್, ನೇರ ಬಿಸಿಲಿಗೆ ಸೋಲುತ್ತದೆ. ಮೈಸೂರಿಂದ ಬೆಂಗಳೂರಿಗೆ ರೈಲು ಬಹುಪಾಲು ಈಶಾನ್ಯಕ್ಕೆ ಸಾಗುತ್ತದೆ. ಬೆಳಗಿನ ಹೊತ್ತು ಬಿಸಿಲು ಬಲಗಡೆಯಿಂದ. ಸಂಜೆ ವಾಪಸ್ ಬರುವಾಗ ಮುಖ ನೈಋತ್ಯಕ್ಕೆ, ಸೂರ್ಯ ಪಶ್ಚಿಮಕ್ಕೆ, ಮತ್ತೆ ಬಲಗಡೆಯೇ. ಹೋಗುವಾಗಲೂ ಬರುವಾಗಲೂ ಎಡಗಡೆ ಸೀಟು ಹಿಡಿಯಿರಿ. ಮದ್ದೂರಿನಲ್ಲಿ ವಡೆ ಕೈಗೆ ಬಂದರೆ ಮೊದಲು ಡೆಕ್ ಮಲಗಿಸಿ ಬ್ಯಾಗಿಗೆ ಹಾಕಿ, ತಿಂದು ಬೆರಳು ಚೆನ್ನಾಗಿ ಒರೆಸಿಕೊಂಡು ಹೊರತೆಗೆಯಿರಿ. ಟ್ರ್ಯಾಕ್‌ಪ್ಯಾಡ್ ಮತ್ತು ಸ್ಟಿಕ್ಕಿನ ತಲೆ ಎರಡೂ ಬೆರಳಿನ ಸ್ಪರ್ಶವನ್ನು ಗುರುತಿಸುವಂಥವು. ಎಣ್ಣೆ ಮೆತ್ತಿದರೆ ಬೆರಳು ಜಾರುತ್ತದೆ, ಅಂಚಿನ ಸಂದಿಗೆ ಈರುಳ್ಳಿ ಚೂರು ಸೇರಿದರೆ ತೆಗೆಯುವುದು ರಗಳೆ.

ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಆಟವನ್ನು ಒಮ್ಮೆ ತೆರೆದು ಮೆನುವರೆಗಾದರೂ ಹೋಗಿ ಬನ್ನಿ. ಅಪ್‌ಡೇಟ್ ಆದ ಆಟ ಮೊದಲ ಸಲ ತೆರೆದಾಗ ಕೆಲವು ಫೈಲುಗಳನ್ನು ಹೊಂದಿಸಿಕೊಳ್ಳುತ್ತದೆ, ರೈಲಿನಲ್ಲಿ ಸಿಗ್ನಲ್ ಇಲ್ಲದ ಕಡೆ ಅದು ಅಲ್ಲೇ ನಿಲ್ಲಬಹುದು. ಸ್ಟೀಮ್ ಜೊತೆಗೆ ತನ್ನದೇ ಲಾಂಚರ್ (ಆಟ ಶುರುಮಾಡುವ ಇನ್ನೊಂದು ಆ್ಯಪ್) ತೆರೆಯುವ ಆಟಗಳನ್ನು ಪ್ರಯಾಣಕ್ಕೆ ನಂಬಬೇಡಿ. ಅವು ಯಾವಾಗ ಲಾಗಿನ್ ಕೇಳುತ್ತವೋ ಹೇಳಲಾಗದು.

ಚಾರ್ಜರ್ ವಿಷಯದಲ್ಲಿ ಮೋಸ ಹೋಗುವವರು ಬಹಳ. ಡೆಕ್‌ಗೆ ಬೇಕಾದ್ದು 45 ವ್ಯಾಟ್ ಯುಎಸ್‌ಬಿ-ಸಿ ಪವರ್ ಡೆಲಿವರಿ (ಪಿಡಿ), ಅಂದರೆ 15 ವೋಲ್ಟ್‌ನಲ್ಲಿ 3 ಆಂಪಿಯರ್. ಫೋನಿನ ಜೊತೆ ಬಂದ 80 ವ್ಯಾಟ್ ಚಾರ್ಜರ್ ಇದಕ್ಕೂ ಆಯಿತು ಅಂದುಕೊಳ್ಳಬೇಡಿ. ಹಲವು ಫೋನ್ ಕಂಪನಿಗಳ ಅತಿವೇಗದ ಚಾರ್ಜಿಂಗ್ ಅವರ ಫೋನಿಗೆ ಮಾತ್ರ ಅರ್ಥವಾಗುವ ಭಾಷೆ. ಡೆಕ್ ಚುಚ್ಚಿದರೆ ಅವು ಹಳೆಯ ನಿಧಾನದ ದಾರಿಗೆ ಇಳಿಯುತ್ತವೆ, ಪರದೆಯ ಮೇಲೆ ನಿಧಾನ ಚಾರ್ಜರ್ ಎಂಬ ಸೂಚನೆ ಬರುತ್ತದೆ, ಆಡುತ್ತಾ ಇದ್ದರೆ ಬ್ಯಾಟರಿ ಏರುವ ಬದಲು ಇಳಿಯುತ್ತದೆ. ಹೊರದೇಶದ ಚಪ್ಪಟೆ ಪಿನ್ ಚಾರ್ಜರ್‌ಗೆ ಕನ್ವರ್ಷನ್ ಪ್ಲಗ್ ಹಾಕುವುದೂ ಬೇಡ, ಸಡಿಲವಾಗಿ ಕಿಡಿ ಹಾರುತ್ತದೆ. ಭಾರತದ ಪಿನ್ ಇರುವ 65 ವ್ಯಾಟ್ ಪಿಡಿ ಚಾರ್ಜರ್ ಕೊಂಡರೆ ಲ್ಯಾಪ್‌ಟಾಪಿಗೂ ಆಗುತ್ತದೆ. ಮನೆಯಲ್ಲಿ ಸದಾ ಚುಚ್ಚಿಟ್ಟೇ ಆಡುವವರು ಡೆಕ್‌ನ ಆಪರೇಟಿಂಗ್ ಸಿಸ್ಟಮ್ ಆದ ಸ್ಟೀಮ್‌ಒಎಸ್‌ನ 3.7 ಆವೃತ್ತಿಯಿಂದ ಬಂದಿರುವ ಚಾರ್ಜ್ ಮಿತಿಯನ್ನು 80 ಶೇಕಡಕ್ಕೆ ಇಟ್ಟುಕೊಳ್ಳಿ, ಬ್ಯಾಟರಿ ಬಾಳಿಕೆ ಬರುತ್ತದೆ. ಕರೆಂಟ್ ಹೋದರೂ ಆಟ ನಿಲ್ಲದು ಎಂಬುದು ಮೈಸೂರು, ಮಂಡ್ಯದ ಮಳೆಗಾಲದಲ್ಲಿ ಸಣ್ಣ ಸುಖವಲ್ಲ.

ಸ್ಟೋರೇಜ್ ಬಗ್ಗೆ ಸ್ವಲ್ಪ ಉದ್ದ ಹೇಳಲೇಬೇಕು, ಅತಿ ಹೆಚ್ಚು ಜನ ಸಿಕ್ಕಿಕೊಳ್ಳುವುದು ಇಲ್ಲೇ. 64 ಜಿಬಿ ಮಾಡೆಲ್ ಅಗ್ಗಕ್ಕೆ ಸಿಗುತ್ತದೆ, ದೊಡ್ಡ ಮೆಮೊರಿ ಕಾರ್ಡ್ ಹಾಕಿದರಾಯಿತು ಎಂಬ ಲೆಕ್ಕಾಚಾರ ಅರ್ಧ ಮಾತ್ರ ಸರಿ. ಆಟ ಕಾರ್ಡಿನಲ್ಲಿದ್ದರೂ ಚಿತ್ರ ಮೂಡಿಸಲು ಬೇಕಾದ ಅದರ ಶೇಡರ್ ಫೈಲುಗಳು ಒಳಗಿನ ಸ್ಟೋರೇಜ್‌ನಲ್ಲೇ ಕೂರುತ್ತವೆ. ಹತ್ತು ಹದಿನೈದು ಆಟ ಹಾಕುವಷ್ಟರಲ್ಲಿ 64 ಜಿಬಿ ತುಂಬಿ, ಅಪ್‌ಡೇಟ್‌ಗೂ ಜಾಗ ಇರುವುದಿಲ್ಲ. ಕಾರ್ಡ್ ಕೊಳ್ಳುವಾಗ ಯು3, ಎ2 ಗುರುತು ನೋಡಿ. ಡೆಕ್‌ನ ಸ್ಲಾಟ್ ಯುಎಚ್‌ಎಸ್-1 ಬಗೆಯದು, ಅದಕ್ಕಿಂತ ವೇಗದ ದುಬಾರಿ ಕಾರ್ಡಿಗೆ ಹಣ ಸುರಿದು ಪ್ರಯೋಜನವಿಲ್ಲ. ನಕಲಿ ಕಾರ್ಡ್‌ಗಳ ಹಾವಳಿಯೂ ಇದೆ: ಹೊರಗೆ 1 ಟಿಬಿ ಎಂದು ಅಚ್ಚಾಗಿದ್ದರೂ ಒಳಗೆ ಅದರ ಒಂದು ಚೂರು. ಕೊಂಡ ದಿನವೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಲಿನಕ್ಸ್‌ನಲ್ಲಿ ಎಫ್3 ಓಡಿಸಿ ಪೂರ್ತಿ ಬರೆದು ಓದಿ ನೋಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಮಾಡಿ.

ಒಳಗಿನ ಎಸ್‌ಎಸ್‌ಡಿ ಬದಲಿಸುವುದೇ ಕಾಯಂ ಪರಿಹಾರ. ಬೇಕಾದ್ದು 2230 ಅಳತೆಯ, ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ, ಚಿಪ್‌ಗಳು ಒಂದೇ ಬದಿಯಲ್ಲಿ ಇರುವಂಥದ್ದು. ಮೊದಲ ಕೆಲಸ ಮೆಮೊರಿ ಕಾರ್ಡ್ ಹೊರತೆಗೆಯುವುದು. ಕಾರ್ಡ್ ಒಳಗಿದ್ದಂತೆ ಹಿಂಬದಿ ಮುಚ್ಚಳ ಎಳೆದರೆ ಅದು ಎರಡು ತುಂಡಾಗುತ್ತದೆ, ಇದು ತೀರಾ ಸಾಮಾನ್ಯ ತಪ್ಪು. ಆಮೇಲೆ ಡೆಕ್ ಆಫ್ ಮಾಡಿ, ವಾಲ್ಯೂಮ್ ಪ್ಲಸ್ ಹಿಡಿದು ಪವರ್ ಒತ್ತಿ ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ ಪರದೆಗೆ) ಹೋಗಿ, ಬ್ಯಾಟರಿ ಸ್ಟೋರೇಜ್ ಮೋಡ್ ಆರಿಸಿ. ಹಿಂದೆ ಎಂಟು ಸ್ಕ್ರೂ ಇವೆ, ಉದ್ದ ಎರಡು ಬಗೆ. ಕಾಗದದ ಮೇಲೆ ಡೆಕ್ ಚಿತ್ರ ಬರೆದು ಆಯಾ ಜಾಗದಲ್ಲೇ ಇಡಿ. ಮುಚ್ಚಳದ ಕೆಳಗಿನ ಲೋಹದ ಹಾಳೆ ತೆಗೆದು, ಬ್ಯಾಟರಿ ಕನೆಕ್ಟರ್ ಕಳಚಿ, ಆಮೇಲೆ ಎಸ್‌ಎಸ್‌ಡಿ ಮುಟ್ಟಿ. ಹಳೆಯದರ ಮೇಲಿನ ಬೆಳ್ಳಿ ಬಣ್ಣದ ಕವಚವನ್ನು ಹೊಸದಕ್ಕೆ ಹಾಕುವುದು ಮರೆಯಬೇಡಿ, ವೈಫೈಗೆ ತೊಂದರೆಯಾಗದಂತೆ ಅದು ತಡೆಯುತ್ತದೆ. ವಾಪಸ್ ಮುಚ್ಚುವಾಗ ಸ್ಕ್ರೂ ಬಿಗಿಯಾಯಿತು ಅನಿಸಿದ ಕೂಡಲೇ ನಿಲ್ಲಿಸಿ. ಎಲ್‌ಸಿಡಿ ಮಾಡೆಲ್‌ನಲ್ಲಿ ಅವು ನೇರ ಪ್ಲಾಸ್ಟಿಕ್ಕಿಗೆ ಕೊರೆದು ಕೂರುತ್ತವೆ, ಇನ್ನೊಂದು ಸುತ್ತು ತಿರುಗಿಸಿದರೆ ಸ್ಕ್ರೂ ಹಿಡಿಯುವ ಸುತ್ತುಗೆರೆ ಹಾಳು. ಕೊನೆಗೆ ಪೆನ್‌ಡ್ರೈವ್‌ಗೆ ರಿಕವರಿ ಇಮೇಜ್ ಹಾಕಿಕೊಂಡು, ವಾಲ್ಯೂಮ್ ಮೈನಸ್ ಹಿಡಿದು ಪವರ್ ಒತ್ತಿ, ಅದರಿಂದ ಸ್ಟೀಮ್‌ಒಎಸ್ ಹೊಸದಾಗಿ ಹಾಕಿ. ನಿಧಾನವಾಗಿ ಮಾಡಿದರೆ ಒಂದು ಭಾನುವಾರದ ಮಧ್ಯಾಹ್ನ ಸಾಕು.

ಆಡಲು ಏನು ಎನ್ನುವವರಿಗೆ: ನಲವತ್ತು ನಿಮಿಷಕ್ಕೆ ಹೇಡೀಸ್ ಹೇಳಿ ಮಾಡಿಸಿದ್ದು. ಒಂದು ಓಟ ಸುಮಾರು ಅರ್ಧ ಗಂಟೆ. ವ್ಯಾಂಪೈರ್ ಸರ್ವೈವರ್ಸ್‌ನ ಬಹುತೇಕ ಹಂತಗಳು 30 ನಿಮಿಷಕ್ಕೆ ತಾವೇ ಮುಗಿಯುತ್ತವೆ. ಇಸ್ಪೀಟಿನ ಆಟವಾದ ಬಲಾಟ್ರೊ ಒಂದು ಕೈ ಆಡುವುದು ಹೋಗಿ ಹನ್ನೊಂದೂವರೆ ಆಗಿರುತ್ತದೆ, ಬೆಳಿಗ್ಗೆ ಪಾಳಿ ಇರುವವರು ಗಡಿಯಾರ ನೋಡಿಕೊಳ್ಳಿ. ಸ್ಟಾರ್‌ಡ್ಯೂನಲ್ಲಿ ಒಂದು ದಿನವೆಂದರೆ ಸುಮಾರು 14 ನಿಮಿಷ, ಆದರೆ ಹಾಸಿಗೆ ಸೇರಿದಾಗ ಮಾತ್ರ ಸೇವ್. ದೊಡ್ಡ ಕಂಪ್ಯೂಟರಿನಲ್ಲಿ ಕಿರಿಕಿರಿ ಎನಿಸುವ ಈ ನಿಯಮ ಮಲಗಿಸುವ ಬಟನ್ ಇರುವ ಕಡೆ ಬಾಧಿಸುವುದೇ ಇಲ್ಲ. ರೆಡ್ ಡೆಡ್ ರಿಡೆಂಪ್ಶನ್ 2 ರೀತಿಯ ಸಾವಧಾನದ ಆಟಗಳಲ್ಲಿ ತೊಂದರೆ ಬೇರೆ: ಹತ್ತು ದಿನ ಬಿಟ್ಟು ಬಂದರೆ ಎಲ್ಲಿಗೆ ಹೊರಟಿದ್ದೆವು ಎಂಬುದೇ ನೆನಪಿರುವುದಿಲ್ಲ. ಮಲಗಿಸುವ ಮುಂಚೆ ನಕ್ಷೆ ತೆರೆದು ಸ್ಟೀಮ್ ಬಟನ್ ಜೊತೆ ಆರ್1 ಒತ್ತಿ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದಿನ ಸಲ ಮೊದಲು ಅದನ್ನು ನೋಡಿ, ಆಮೇಲೆ ಆಡಿ.

ಗೆಳೆಯರ ಜೊತೆ ವ್ಯಾಲೊರಂಟ್ ಆಡುವುದೇ ಮುಖ್ಯವಾದರೆ ಡೆಕ್ ಬೇಡ. ಮೋಸದಾಟ ತಡೆಯುವ ಅದರ ಆಂಟಿ-ಚೀಟ್ ಡೆಕ್ ಬಳಸುವ ಲಿನಕ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ, ಯಾವ ಸೆಟ್ಟಿಂಗ್‌ನಿಂದಲೂ ಇದಕ್ಕೆ ಪರಿಹಾರವಿಲ್ಲ. ಜಿಟಿಎ ಆನ್‌ಲೈನ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ ಹೊಸ ಆಂಟಿ-ಚೀಟ್ ಬಂದ ಮೇಲೆ ಡೆಕ್‌ನಲ್ಲಿ ನಿಂತಿತು, ಒಬ್ಬರೇ ಆಡುವ ಕಥೆ ಮಾತ್ರ ಓಡುತ್ತದೆ. ಅನುಮಾನದ ಆಟ ಕೊಂಡರೆ ಎರಡು ಗಂಟೆಗಿಂತ ಕಡಿಮೆ ಆಡಿ, 14 ದಿನದೊಳಗೆ ಸ್ಟೀಮ್‌ಗೆ ಹಿಂದಿರುಗಿಸಬಹುದು.

ಚಾಳೀಸು ಬಂದವರಿಗೆ ಒಂದು ಮಾತು. ಏಳು ಇಂಚಿನ ಪರದೆಯಲ್ಲಿ ಮಾತು ಹೆಚ್ಚಿರುವ ಆಟಗಳ ಅಕ್ಷರ ನಿಜಕ್ಕೂ ಸಣ್ಣದು. ಸ್ಟೀಮ್ ಬಟನ್ ಜೊತೆ ಎಲ್1 ಹಿಡಿದರೆ ಭೂತಗನ್ನಡಿ ಬರುತ್ತದೆ, ಆದರೆ ಇಡೀ ಕಥೆಯನ್ನು ಅದರಲ್ಲಿ ಓದಲಾಗದು. ಅಂಥ ಆಟಗಳನ್ನು ಯುಎಸ್‌ಬಿ-ಸಿ ಹಬ್ ಮೂಲಕ ಟಿವಿಗೆ ಹಾಕಿಕೊಂಡು ಆಡುವುದೇ ಕಣ್ಣಿಗೆ ಹಿತ. ಕೈಗೂ ಹಿತ, 669 ಗ್ರಾಂ ಅನ್ನು ಮಲಗಿಕೊಂಡು ಎತ್ತಿ ಹಿಡಿದರೆ ಹದಿನೈದು ನಿಮಿಷದಲ್ಲಿ ಮಣಿಕಟ್ಟು ಮಾತಾಡುತ್ತದೆ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಮೊಣಕೈ. ಡೆಕ್ ಅನ್ನೇ ದಿಂಬಿನ ಮೇಲೆ ಇಡಬೇಡಿ, ಗಾಳಿ ಎಳೆಯುವ ಕಿಂಡಿ ಹಿಂಬದಿಯಲ್ಲಿದೆ.

ವಾಲ್ವ್ ಇದನ್ನು ಭಾರತದಲ್ಲಿ ನೇರವಾಗಿ ಮಾರುವುದಿಲ್ಲ, ಆಮದು ಮಾಡಿದವರಿಂದಲೋ ಸೆಕೆಂಡ್ ಹ್ಯಾಂಡ್‌ನಲ್ಲೋ ಕೊಳ್ಳಬೇಕು. ವಾರಂಟಿ ಎಂದು ಅಂಗಡಿಯವರು ಹೇಳಿದರೆ ಅದು ಅಂಗಡಿಯ ವಾರಂಟಿ, ಬರೆಸಿಕೊಳ್ಳಿ. ಹಳೆಯದನ್ನು ನೋಡಲು ಹೋದಾಗ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಪರೀಕ್ಷೆ ತೆರೆದು ಸ್ಟಿಕ್ಕುಗಳನ್ನು ಸುತ್ತಿಸಿ ಬಿಡಿ. ಚುಕ್ಕಿ ನಡುವಿಗೆ ಬಂದು ನಿಲ್ಲಬೇಕು. ಸ್ವಲ್ಪ ಸರಿದು ನಿಂತರೆ ಡೆಡ್‌ಝೋನ್ (ಸ್ಟಿಕ್ಕಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ನಡುವಿನ ಜಾಗ) ಹೆಚ್ಚಿಸಿ ಸುಧಾರಿಸಬಹುದು, ತಾನಾಗಿ ಓಡಾಡಿದರೆ ಸ್ಟಿಕ್ ಬದಲಿಸಬೇಕು, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಹಿಂಬದಿಯ ಸ್ಕ್ರೂ ತಲೆಗಳು ಸವೆದಿವೆಯೇ ನೋಡಿ, ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಇನ್ಫೋ ಸೆಂಟರ್‌ನಲ್ಲಿ ಬ್ಯಾಟರಿಯ ಈಗಿನ ಸಾಮರ್ಥ್ಯ ನೋಡಿ, ಹೊಸದರ 40 ವ್ಯಾಟ್-ಅವರ್‌ಗೆ ಹೋಲಿಸಿ. 32ಕ್ಕಿಂತ ಕೆಳಗಿದ್ದರೆ ಬೇರೆ ಡೆಕ್ ಹುಡುಕಿ: ಬ್ಯಾಟರಿ ಅಂಟು ಹಾಕಿ ಕೂರಿಸಿರುವಂಥದ್ದು, ಬದಲಿಸುವುದು ಎಸ್‌ಎಸ್‌ಡಿಯಷ್ಟು ಸುಲಭವಲ್ಲ. ಇಷ್ಟೂ ನೋಡಲು ಹತ್ತು ನಿಮಿಷ ಬೇಕು. ಹತ್ತು ನಿಮಿಷ ಕೊಡದ ಮಾರಾಟಗಾರರಿಂದ ಕೊಳ್ಳಬೇಡಿ.